ಆರೈಕೆ ಮಾಡುವ ಕೈಯಲ್ಲೇ ಅಧಿಕಾರ: ವಿಕಲಚೇತನರು ಮತ್ತು ಆರೈಕೆ ಸಿಬ್ಬಂದಿ

ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕು, ಯಾವ ಅಂಗಿ ತೊಡಬೇಕು, ಸಾರಿಗೆ ಇನ್ನಷ್ಟು ಉಪ್ಪು ಬೇಕೋ ಬೇಡವೋ, ರಾತ್ರಿ ದೀಪ ಎಷ್ಟು ಹೊತ್ತಿಗೆ ಆರಬೇಕು... ಇವೆಲ್ಲ ನಮ್ಮಲ್ಲಿ ಬಹುಪಾಲು ಮಂದಿ ಯೋಚನೆಯನ್ನೇ ಮಾಡದೆ ತೀರ್ಮಾನಿಸುವ ಸಂಗತಿಗಳು. ಆದರೆ ಹಾಸಿಗೆಯಿಂದ ಏಳಲು, ಶೌಚಕ್ಕೆ ಹೋಗಲು, ತುತ್ತನ್ನು ಬಾಯಿಗಿಡಲು ಇನ್ನೊಬ್ಬರ ನೆರವು ಬೇಕಾದ ವ್ಯಕ್ತಿಯ ಪಾಲಿಗೆ ಈ ಪ್ರತಿಯೊಂದು ತೀರ್ಮಾನವೂ ನೆರವು ನೀಡುವವರ ಮರ್ಜಿಯನ್ನು ಅವಲಂಬಿಸಿರುತ್ತದೆ. ಹೀಗೆ ಒಬ್ಬರ ದಿನಚರಿ ಮತ್ತೊಬ್ಬರ ಕೈಗೆ ಹೋದಾಗ ಹುಟ್ಟುವುದೇ ಅಧಿಕಾರದ ಅಸಮತೋಲನ.

ಆಶ್ರಯಧಾಮಗಳಲ್ಲಿ ನಡೆಯುವ ಹಲ್ಲೆ, ಲೈಂಗಿಕ ದೌರ್ಜನ್ಯ, ಸಾವುಗಳು ಆಗಾಗ ಸುದ್ದಿಯಾಗುತ್ತವೆ. ತನಿಖೆ ನಡೆಯುತ್ತದೆ, ಕೆಲವರ ಬಂಧನವೂ ಆಗುತ್ತದೆ. ಆದರೆ ಅಂತಹ ಅಪರಾಧಕ್ಕೆ ದಾರಿ ಮಾಡಿಕೊಡುವ ಚಿಕ್ಕಪುಟ್ಟ ಸಂಗತಿಗಳು ಯಾವ ಕಡತಕ್ಕೂ ಸೇರುವುದಿಲ್ಲ. ಈ ಅಸಮತೋಲನ ಯಾವ ರೂಪದಲ್ಲಿರುತ್ತದೆ, ಇತಿಹಾಸ ಏನು ಹೇಳುತ್ತದೆ, ಕಾನೂನಿನ ರಕ್ಷಣೆ ಏನಿದೆ, ದೂರನ್ನು ಎಲ್ಲಿ ಕೊಡಬಹುದು ಎಂಬ ಮಾಹಿತಿಯನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ.

ಯಾರ ಪ್ರಶ್ನೆ ಇದು?

2011ರ ಜನಗಣತಿಯ ಪ್ರಕಾರ ದೇಶದಲ್ಲಿದ್ದ ಅಂಗವಿಕಲರ ಸಂಖ್ಯೆ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2016ರ ಕಾಯ್ದೆ ಈ ಪಟ್ಟಿಯನ್ನು 21ಕ್ಕೆ ವಿಸ್ತರಿಸಿತು.

ಇವರೆಲ್ಲರಿಗೂ ದಿನನಿತ್ಯದ ಆರೈಕೆ ಬೇಕಿಲ್ಲ. ಆದರೆ ತೀವ್ರ ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬೆನ್ನುಹುರಿಯ ಪೆಟ್ಟು, ಬಹುವಿಧ ಅಂಗವೈಕಲ್ಯ ಅಥವಾ ದೀರ್ಘಕಾಲದ ಮಾನಸಿಕ ಅಸ್ವಸ್ಥತೆ ಇರುವ ಹಲವರಿಗೆ ದಿನದ ಬಹುಪಾಲು ಮತ್ತೊಬ್ಬರ ಆಸರೆ ಅನಿವಾರ್ಯ. ಆ ಆಸರೆ ಒದಗಿಸುವವರು ಆಶ್ರಯಧಾಮದ ಆಯಾ, ವಾರ್ಡನ್, ಅಟೆಂಡರ್ ಆಗಿರಬಹುದು. ವಿಶೇಷ ಶಾಲೆಯ ಶಿಕ್ಷಕರಾಗಿರಬಹುದು. ಮನೆಗೆ ಬಂದುಳಿಯುವ ಹೋಂ ನರ್ಸ್ ಆಗಿರಬಹುದು. ಹೆಚ್ಚಿನ ಸಂದರ್ಭಗಳಲ್ಲಿ ಅವರು ಹೆತ್ತವರೋ ಒಡಹುಟ್ಟಿದವರೋ ಆಗಿರುತ್ತಾರೆ.

ದಿನನಿತ್ಯದಲ್ಲಿ ಅಧಿಕಾರ ಕಾಣುವ ಬಗೆ

ಆರೈಕೆಯ ಅಧಿಕಾರ ಆಜ್ಞೆಯ ರೂಪದಲ್ಲಿ ಬರುವುದು ಕಡಿಮೆ. ಬಹುತೇಕ ಅದು ಸಮಯ, ಸಾಧನ, ಹಣ ಮತ್ತು ಮಾತಿನ ಮೂಲಕ ವ್ಯಕ್ತವಾಗುತ್ತದೆ.

ಸಮಯ: ರಾತ್ರಿ ಪಾಳಿಯವರು ಮನೆಗೆ ಹೊರಡುವ ಮುನ್ನ ಎಲ್ಲರ ಸ್ನಾನ ಮುಗಿಯಬೇಕೆಂದು ನಸುಕಿನ ನಾಲ್ಕು ಗಂಟೆಗೇ ನಿವಾಸಿಗಳನ್ನು ಎಬ್ಬಿಸುವುದು, ಅಡುಗೆಯವರು ಬೇಗ ಹೊರಡಬೇಕೆಂದು ಸಂಜೆ ಆರಕ್ಕೇ ರಾತ್ರಿಯೂಟ ಮುಗಿಸುವುದು ಇದರ ಮಾದರಿಗಳು. ವೇಳಾಪಟ್ಟಿ ಸಿಬ್ಬಂದಿಯದು, ಬದುಕು ನಿವಾಸಿಯದು. 'ಸ್ವಲ್ಪ ತಡಿ, ಬರ್ತೀನಿ' ಎಂಬ ಮಾತು ಸಾಮಾನ್ಯರಿಗೆ ಸಣ್ಣದು. ಶೌಚಕ್ಕೆ ಹೋಗಬೇಕೆಂದು ಕಾದು ಕುಳಿತವರಿಗೆ ಅದೇ ಮಾತು ಶಿಕ್ಷೆಯಾಗಬಲ್ಲದು.

ಸಾಧನ: ಗಾಲಿಕುರ್ಚಿಯನ್ನು ಕೈಗೆಟುಕದಷ್ಟು ದೂರ ನಿಲ್ಲಿಸುವುದು, ಊರುಗೋಲನ್ನು ಕಪಾಟಿನಲ್ಲಿಡುವುದು, ಶ್ರವಣಸಾಧನ ತೆಗೆದಿಡುವುದು, ಮಾತನಾಡಲು ಬಾರದವರ ಚಿತ್ರಫಲಕವನ್ನು 'ಆಮೇಲೆ ಕೊಡೋಣ' ಎಂದು ಬದಿಗಿಡುವುದು. ಇಲ್ಲಿ ಯಾರೂ ಯಾರ ಮೇಲೂ ಕೈಮಾಡಿಲ್ಲ. ಆದರೂ ಒಬ್ಬರ ಕಾಲು, ಕಿವಿ ಅಥವಾ ಬಾಯಿ ಕಟ್ಟಿದಂತಾಗಿದೆ.

ಹಣ: ಮಾಸಾಶನ ಬರುವ ಬ್ಯಾಂಕ್ ಖಾತೆಯ ಪಾಸ್‌ಬುಕ್, ಎಟಿಎಂ ಕಾರ್ಡ್, ಅದರ ಗುಪ್ತಸಂಖ್ಯೆ ಎಲ್ಲವೂ ಇನ್ನೊಬ್ಬರ ಬಳಿ ಇದ್ದರೆ ತಿಂಗಳಿಗೆ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬ ಲೆಕ್ಕ ಫಲಾನುಭವಿಗೇ ಗೊತ್ತಿರುವುದಿಲ್ಲ. ಹೆಬ್ಬೆಟ್ಟಿನ ಗುರುತು ಪಡೆಯುವಾಗ ಕಾಗದದಲ್ಲಿ ಏನಿದೆ ಎಂದು ಓದಿ ಹೇಳುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಮಾತು: ನಲವತ್ತು ದಾಟಿದ ನಿವಾಸಿಯನ್ನು ಇಪ್ಪತ್ತೆರಡರ ಸಿಬ್ಬಂದಿ 'ನೀನು', 'ಏ ಬಾ ಇಲ್ಲಿ' ಎನ್ನುತ್ತಾರೆ. ಉತ್ತರವಾಗಿ ನಿವಾಸಿ 'ಅಕ್ಕಾ', 'ಸಾರ್', 'ನೀವು' ಎನ್ನುತ್ತಾರೆ. ಕನ್ನಡದ ಏಕವಚನ, ಬಹುವಚನಗಳು ಆ ಕೊಠಡಿಯಲ್ಲಿ ಯಾರು ಮೇಲು, ಯಾರು ಕೆಳಗು ಎಂಬುದನ್ನು ಮೊದಲ ವಾಕ್ಯದಲ್ಲೇ ಸಾರಿಬಿಡುತ್ತವೆ. ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕರನ್ನು ಕೊನೆಯವರೆಗೂ 'ಮಕ್ಕಳು' ಎಂದೇ ಕರೆಯುವ ರೂಢಿಯೂ ಇದೇ ಜಾತಿಗೆ ಸೇರಿದ್ದು. ಪ್ರೀತಿಯಿಂದಲೇ ಹಾಗೆ ಕರೆಯಬಹುದು. ಆದರೆ ಮಕ್ಕಳ ಅಭಿಪ್ರಾಯ ಕೇಳುವ ವಾಡಿಕೆ ನಮ್ಮಲ್ಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ದಾಖಲೆ: ನಿವಾಸಿಯ ಬಗ್ಗೆ ವರದಿ ಬರೆಯುವ ಪೆನ್ನು ಸಿಬ್ಬಂದಿಯ ಕೈಯಲ್ಲಿದೆ. 'ಹಟಮಾರಿ', 'ಸಹಕರಿಸುವುದಿಲ್ಲ', 'ಆಕ್ರಮಣಕಾರಿ' ಎಂಬ ಒಂದು ಪದ ಕಡತ ಸೇರಿದರೆ ಮುಂದೆ ಆ ವ್ಯಕ್ತಿ ಹೇಳುವ ಯಾವ ದೂರನ್ನೂ ಆ ಪದದ ಮೂಲಕವೇ ಓದಲಾಗುತ್ತದೆ. ತಣ್ಣೀರಿನ ಸ್ನಾನ ಬೇಡವೆಂದು ಕೂಗಿದ್ದು 'ಆಕ್ರಮಣ' ಎಂದು ದಾಖಲಾದರೆ ನೀರು ತಣ್ಣಗಿತ್ತು ಎಂಬ ಸಂಗತಿ ಅಲ್ಲಿಗೇ ಅಳಿಸಿಹೋಗುತ್ತದೆ.

ಅಮೆರಿಕದಲ್ಲಿ ನೆಲೆಸಿದ್ದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1961ರಲ್ಲಿ ಪ್ರಕಟಿಸಿದ 'ಅಸೈಲಮ್ಸ್' ಕೃತಿಯಲ್ಲಿ ಇಂತಹ ಸ್ಥಳಗಳನ್ನು ಸಂಪೂರ್ಣ ಹಿಡಿತದ ಸಂಸ್ಥೆಗಳೆಂದು ವಿವರಿಸಿದರು. ಊಟ, ನಿದ್ದೆ, ಕೆಲಸ, ವಿರಾಮ ಎಲ್ಲವೂ ಒಂದೇ ಆವರಣದಲ್ಲಿ, ಒಂದೇ ಆಡಳಿತದಡಿ ನಡೆಯುವಲ್ಲಿ ಸಣ್ಣ ಸವಲತ್ತುಗಳೇ ನಿಯಂತ್ರಣದ ಸಾಧನಗಳಾಗುತ್ತವೆ ಎಂಬುದು ಅವರ ವಿಶ್ಲೇಷಣೆಯ ಒಂದು ಮುಖ್ಯ ಅಂಶ.

ಸೇವೆ, ಪುಣ್ಯ ಮತ್ತು ಋಣ

ನಮ್ಮ ಸಮಾಜದಲ್ಲಿ ಈ ಪ್ರಶ್ನೆಗೆ ಇನ್ನೊಂದು ಪದರವಿದೆ. ಅಂಗವಿಕಲರ ಆರೈಕೆಯನ್ನು ನಾವು 'ಸೇವೆ' ಎನ್ನುತ್ತೇವೆ, ಮಾಡುವವರಿಗೆ ಪುಣ್ಯ ಬರುತ್ತದೆ ಎನ್ನುತ್ತೇವೆ. ಹುಟ್ಟುಹಬ್ಬದಂದು, ಹಿರಿಯರ ತಿಥಿಯಂದು ಆಶ್ರಯಧಾಮಕ್ಕೆ ಒಂದು ಹೊತ್ತಿನ ಊಟ ಹಾಕಿಸುವುದು ಒಳ್ಳೆಯ ಪದ್ಧತಿಯೇ. ಆದರೆ ಸೇವೆ ಎಂದಾಗ ಪಡೆಯುವವರ ತಲೆಯ ಮೇಲೆ ಋಣದ ಭಾರ ಕೂರುತ್ತದೆ. ಹಕ್ಕಿನಿಂದ ಪಡೆದ ಅನ್ನ ಹಳಸಿದ್ದರೆ ಹಳಸಿದೆ ಎನ್ನಬಹುದು. ಪುಣ್ಯಕ್ಕೆ ಬಂದ ಅನ್ನ ಹಳಸಿದೆ ಎಂದರೆ 'ಅನ್ನದ ಋಣ ಮರೆತವ' ಎಂಬ ಮಾತು ಕೇಳಬೇಕಾಗುತ್ತದೆ.

ಸಿಬ್ಬಂದಿಗೂ ಇದು ಅನ್ವಯಿಸುತ್ತದೆ. 'ಸ್ವಂತ ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಿದ್ದೇವೆ' ಎಂದು ಪ್ರಾಮಾಣಿಕವಾಗಿ ನಂಬಿದವರಿಗೆ ನಿವಾಸಿಯೊಬ್ಬರು ಆಕ್ಷೇಪ ಎತ್ತಿದರೆ ಅದು ಕೃತಘ್ನತೆಯಂತೆ ಕಾಣುತ್ತದೆ. ಒಳ್ಳೆಯ ಮನಸ್ಸು ಅಧಿಕಾರವನ್ನು ಕರಗಿಸುವುದಿಲ್ಲ. ಕೆಲವೊಮ್ಮೆ ಅದನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ.

ದೂರು ಏಕೆ ಬರುವುದಿಲ್ಲ?

'ನಮ್ಮಲ್ಲಿ ಈವರೆಗೆ ಒಂದೂ ದೂರು ಬಂದಿಲ್ಲ' ಎಂಬುದು ಆಶ್ರಯಧಾಮದ ಆಡಳಿತಗಾರರು ಹೆಮ್ಮೆಯಿಂದ ಹೇಳುವ ಮಾತು. ಆರೈಕೆಯ ವಿಷಯದಲ್ಲಿ ಈ ಮಾತನ್ನು ಎಚ್ಚರಿಕೆಯಿಂದ ಕೇಳಬೇಕು.

ಮಧ್ಯಾಹ್ನ ಅಧಿಕಾರಿಗಳ ಮುಂದೆ ಸಿಬ್ಬಂದಿಯ ವಿರುದ್ಧ ದೂರಿದ ನಿವಾಸಿ ಅದೇ ರಾತ್ರಿ ಅದೇ ಸಿಬ್ಬಂದಿಯ ಕೈಯಿಂದ ಊಟ ಮಾಡಬೇಕು, ಅವರ ಕೈಯಿಂದಲೇ ಬಟ್ಟೆ ಬದಲಿಸಿಕೊಳ್ಳಬೇಕು. ಅಧಿಕಾರಿಯ ಜೀಪು ಗೇಟು ದಾಟಿದ ಮೇಲೆ ಆ ಕೊಠಡಿಯಲ್ಲಿ ಉಳಿಯುವವರು ಇಬ್ಬರೇ. ಈ ಲೆಕ್ಕಾಚಾರ ನಿವಾಸಿಗೆ ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದಲೇ ತಪಾಸಣೆಯ ದಿನ 'ಎಲ್ಲ ಚೆನ್ನಾಗಿದೆ ಸಾರ್' ಎಂಬ ಉತ್ತರ ಬರುತ್ತದೆ, ಅದೂ ವಾರ್ಡನ್ ಪಕ್ಕದಲ್ಲೇ ನಿಂತಿರುವಾಗ.

ಮಾತು ಬಾರದವರ, ಸನ್ನೆ ಭಾಷೆ ಮಾತ್ರ ಬಲ್ಲವರ ಸ್ಥಿತಿ ಇನ್ನೂ ಕಷ್ಟ. ಅವರು ಏನು ಹೇಳುತ್ತಿದ್ದಾರೆಂದು ಅಧಿಕಾರಿಗೆ ವಿವರಿಸುವವರು ಅದೇ ಸಂಸ್ಥೆಯ ಸಿಬ್ಬಂದಿಯೇ ಆಗಿರುತ್ತಾರೆ. ಅಂದರೆ ಆರೋಪಿಯೇ ದುಭಾಷಿ!

ಹೆತ್ತವರೂ ಬಾಯಿಬಿಡುವುದಿಲ್ಲ. ಮೈಮೇಲಿನ ಗಾಯದ ಗುರುತು ನೋಡಿ ಅನುಮಾನ ಬಂದರೂ 'ಇಲ್ಲಿಂದ ಕಳಿಸಿಬಿಟ್ಟರೆ ಎಲ್ಲಿಗೆ ಕರೆದೊಯ್ಯುವುದು' ಎಂಬ ಭಯ ಅವರನ್ನು ತಡೆಯುತ್ತದೆ. ಬೇರೆ ಸಂಸ್ಥೆ ಹತ್ತಿರದಲ್ಲಿಲ್ಲ, ಇದ್ದರೂ ಜಾಗವಿಲ್ಲ. ಆಯ್ಕೆ ಇಲ್ಲದಿರುವುದೇ ಇಲ್ಲಿ ದೊಡ್ಡ ಬೀಗ.

ನಾಣ್ಯದ ಇನ್ನೊಂದು ಮುಖ

ಇಷ್ಟೆಲ್ಲ ಹೇಳಿದ ಮೇಲೆ ಆರೈಕೆ ಸಿಬ್ಬಂದಿಯನ್ನೇ ಖಳರನ್ನಾಗಿ ಚಿತ್ರಿಸಿದರೆ ಅನ್ಯಾಯವಾದೀತು. ಆಯಾಗಳು, ಅಟೆಂಡರ್‌ಗಳು ಹೆಚ್ಚಾಗಿ ಗುತ್ತಿಗೆಯ ಮೇಲೆ ದುಡಿಯುವವರು. ಸಂಬಳ ಕಡಿಮೆ, ಪಾಳಿ ದೀರ್ಘ, ತರಬೇತಿ ಅಷ್ಟಕ್ಕಷ್ಟೆ. ಒಬ್ಬರ ಪಾಲಿಗೆ ಹತ್ತಿಪ್ಪತ್ತು ನಿವಾಸಿಗಳು ಬಂದರೆ ಪ್ರತಿಯೊಬ್ಬರನ್ನೂ 'ನಿಮಗೇನು ಬೇಕು' ಎಂದು ಕೇಳುತ್ತ ನಿಲ್ಲುವಷ್ಟು ಪುರುಸೊತ್ತು ಅವರಿಗಿರುವುದಿಲ್ಲ. ದೊಡ್ಡ ದೇಹದವರನ್ನು ಒಬ್ಬರೇ ಎತ್ತಿ ಎತ್ತಿ ಸೊಂಟ ನೋವು ಹಿಡಿದವರು, ನಿವಾಸಿಗಳಿಂದ ಕಚ್ಚಿಸಿಕೊಂಡವರು, ಹೊಡೆತ ತಿಂದವರು ಈ ವೃತ್ತಿಯಲ್ಲಿ ಕಡಿಮೆಯಿಲ್ಲ.

ಮನೆಗಳಲ್ಲಿ ದುಡಿಯುವ ಹೋಂ ನರ್ಸ್‌ಗಳ ವಿಷಯದಲ್ಲಿ ಅಸಮತೋಲನ ಎರಡೂ ಕಡೆ ವಾಲುತ್ತದೆ. ಏಜೆನ್ಸಿಯ ಮೂಲಕ ದೂರದ ಊರಿನಿಂದ ಬಂದ ಯುವತಿ ಹಗಲಿರುಳೂ ಅದೇ ಮನೆಯಲ್ಲಿರಬೇಕು. ವಾರದ ರಜೆ ಹೆಸರಿಗಷ್ಟೆ. ಮನೆಯವರು ಅವಳ ಮೇಲೆ ಅಧಿಕಾರ ಚಲಾಯಿಸುತ್ತಾರೆ; ಹಾಸಿಗೆ ಹಿಡಿದವರ ಮೇಲೆ ಅವಳಿಗೆ ಅಧಿಕಾರ. ಮೇಲಿನಿಂದ ಬಂದ ಒತ್ತಡ ಕೊನೆಗೆ ಇಳಿಯುವುದು ತಿರುಗಿ ಮಾತನಾಡಲಾಗದ ವ್ಯಕ್ತಿಯ ಮೇಲೆ. ಆದ್ದರಿಂದ ಸಿಬ್ಬಂದಿಯ ದುಡಿಮೆಯ ಪರಿಸ್ಥಿತಿ ಸುಧಾರಿಸದೆ ನಿವಾಸಿಗಳ ಘನತೆಯ ಬಗ್ಗೆ ಮಾತನಾಡುವುದು ಅರ್ಧ ಮಾತಷ್ಟೆ.

ಇತಿಹಾಸದ ಕಹಿ ಪುಟಗಳು

ಪುಣೆ, 1994: ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ಧಾಮದಲ್ಲಿದ್ದ ಬೌದ್ಧಿಕ ಅಂಗವೈಕಲ್ಯದ ಮಹಿಳೆಯರಿಗೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ನಡೆಸಿದ್ದು ದೇಶದಾದ್ಯಂತ ವಿವಾದಕ್ಕೆ ಕಾರಣವಾಯಿತು. ಮುಟ್ಟಿನ ದಿನಗಳ ಸ್ವಚ್ಛತೆಯನ್ನು ಇವರು ನಿಭಾಯಿಸಲಾರರು ಎಂಬುದು ಕೊಟ್ಟ ಸಮರ್ಥನೆ. ನೋಡಿಕೊಳ್ಳುವವರ ಅನುಕೂಲವು ನೋಡಿಕೊಳ್ಳಲ್ಪಡುವವರ ದೇಹದ ಬಗೆಗಿನ ತೀರ್ಮಾನವಾಗಿ ಬದಲಾದ ಉದಾಹರಣೆ ಇದು.

ಏರ್ವಾಡಿ, 2001: ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಆಗಸ್ಟ್ 6ರ ನಸುಕಿನಲ್ಲಿ ಖಾಸಗಿ ಧಾಮವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಿಂದ ಬಂಧಿಸಲ್ಪಟ್ಟಿದ್ದ ಮಾನಸಿಕ ಅಸ್ವಸ್ಥರಿಗೆ ಓಡಿ ಪಾರಾಗಲು ಸಾಧ್ಯವಾಗಲಿಲ್ಲ. 28 ಮಂದಿ ಬಲಿಯಾದರು. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು.

ಚಂಡೀಗಢ, 2009: ಸರ್ಕಾರಿ ಧಾಮದಲ್ಲಿದ್ದ, ಸೌಮ್ಯ ಪ್ರಮಾಣದ ಬೌದ್ಧಿಕ ಅಂಗವೈಕಲ್ಯವಿದ್ದ ಅನಾಥ ಯುವತಿ ಧಾಮದ ಆವರಣದಲ್ಲೇ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದರು. ಗರ್ಭಪಾತಕ್ಕೆ ಹೈಕೋರ್ಟ್ ಅನುಮತಿ ನೀಡಿತ್ತು. ಆದರೆ ಮಗು ಬೇಕೆಂಬುದು ಆಕೆಯ ಇಚ್ಛೆಯಾಗಿತ್ತು. 2009ರ ಆಗಸ್ಟ್ 28ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಸುಪ್ರೀಂ ಕೋರ್ಟ್ ಪೀಠ, ಆಕೆಯ ಸಮ್ಮತಿಯಿಲ್ಲದೆ ಗರ್ಭಪಾತ ಮಾಡುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಆಕೆಯ ಪರವಾಗಿ ತೀರ್ಮಾನಿಸಲು ಹೊರಟ ಎಲ್ಲರೂ ಆಕೆಯ ಒಳಿತಿನ ಹೆಸರನ್ನೇ ಹೇಳಿದ್ದರು ಎಂಬುದು ಗಮನಾರ್ಹ. 'ಸುಚಿತಾ ಶ್ರೀವಾಸ್ತವ ವಿರುದ್ಧ ಚಂಡೀಗಢ ಆಡಳಿತ' ಎಂಬ ಈ ಪ್ರಕರಣವನ್ನು ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುತ್ತವೆ.

ಬ್ರಿಸ್ಟಲ್, 2011: ಬ್ರಿಟನ್ನಿನ ಬ್ರಿಸ್ಟಲ್ ಸಮೀಪದ 'ವಿಂಟರ್‌ಬೋರ್ನ್ ವ್ಯೂ' ಖಾಸಗಿ ಆಸ್ಪತ್ರೆಯಲ್ಲಿ ಬೌದ್ಧಿಕ ಅಂಗವೈಕಲ್ಯವಿರುವವರಿಗೆ ಸಿಬ್ಬಂದಿ ನೀಡುತ್ತಿದ್ದ ಹಿಂಸೆಯನ್ನು ಬಿಬಿಸಿಯ 'ಪನೋರಮಾ' ಕಾರ್ಯಕ್ರಮ ರಹಸ್ಯ ಕ್ಯಾಮೆರಾದಲ್ಲಿ ಸೆರೆಹಿಡಿಯಿತು. 2012ರಲ್ಲಿ 11 ಮಂದಿಗೆ ಶಿಕ್ಷೆಯಾಯಿತು. ಅವರಲ್ಲಿ ಆರು ಮಂದಿ ಜೈಲು ಸೇರಿದರು. ಅಲ್ಲಿಯೇ ದುಡಿದಿದ್ದ ಹಿರಿಯ ನರ್ಸ್ ಒಬ್ಬರು ಮೊದಲೇ ಆಡಳಿತಕ್ಕೂ ನಿಯಂತ್ರಣ ಸಂಸ್ಥೆಗೂ ದೂರಿದ್ದರು. ಆಗ ಯಾರೂ ಕಿವಿಗೊಡಲಿಲ್ಲ. ಶ್ರೀಮಂತ ದೇಶ, ನಿಯಮಿತ ತಪಾಸಣೆ, ದುಬಾರಿ ಶುಲ್ಕ ಯಾವುದೂ ನಿವಾಸಿಗಳನ್ನು ಕಾಪಾಡಲಿಲ್ಲ.

2014ರ ವರದಿ: ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2014ರ ಡಿಸೆಂಬರ್‌ನಲ್ಲಿ ಭಾರತದ ಸಂಸ್ಥೆಗಳಲ್ಲಿರುವ ಮಾನಸಿಕ ಮತ್ತು ಬೌದ್ಧಿಕ ಅಂಗವೈಕಲ್ಯದ ಮಹಿಳೆಯರ ಸ್ಥಿತಿಗತಿ ಕುರಿತು ವರದಿ ಪ್ರಕಟಿಸಿತು. ಅಧ್ಯಯನ ನಡೆದ ನಗರಗಳಲ್ಲಿ ಬೆಂಗಳೂರು ಮತ್ತು ಮೈಸೂರು ಕೂಡ ಸೇರಿದ್ದವು. ಸಮ್ಮತಿಯಿಲ್ಲದ ದಾಖಲಾತಿ, ಬಲವಂತದ ಚಿಕಿತ್ಸೆ, ಕಿಕ್ಕಿರಿದ ವಾರ್ಡುಗಳು, ಸಿಬ್ಬಂದಿಯ ಬೈಗುಳ, ಹಲ್ಲೆಗಳನ್ನು ಅದು ದಾಖಲಿಸಿತ್ತು.

ದೆಹಲಿ, 2024: ರೋಹಿಣಿಯ ಸರ್ಕಾರಿ ಧಾಮ 'ಆಶಾ ಕಿರಣ್'ನಲ್ಲಿ ಜುಲೈ ಒಂದೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ನಿವಾಸಿಗಳು ಸಾವನ್ನಪ್ಪಿದ ಸಂಗತಿ ಬೆಳಕಿಗೆ ಬಂದು ತನಿಖೆಗೆ ಆದೇಶಿಸಲಾಯಿತು. ಧಾಮ ಮಿತಿಮೀರಿ ತುಂಬಿತ್ತು.

ನಿವಾಸಿಗಳೇ ಪ್ರಶ್ನಿಸಿದಾಗ

ಈ ಅಸಮತೋಲನವನ್ನು ಮೊದಲು ಪ್ರಶ್ನಿಸಿದವರಲ್ಲಿ ಆಶ್ರಯಧಾಮದ ನಿವಾಸಿಗಳೇ ಮುಂಚೂಣಿಯಲ್ಲಿದ್ದರು. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿದ್ದ 'ಲೆ ಕೋರ್ಟ್' ಧಾಮದಲ್ಲಿ 1950-60ರ ದಶಕಗಳಲ್ಲಿ ಪಾಲ್ ಹಂಟ್ ಮತ್ತು ಸಂಗಡಿಗರು ತಮ್ಮ ದಿನಚರಿಯ ಮೇಲೆ ತಮಗೇ ಹಿಡಿತ ಬೇಕು, ಆಡಳಿತದಲ್ಲಿ ತಮಗೂ ಪಾಲು ಬೇಕು ಎಂದು ಹೋರಾಡಿದರು. ಹಂಟ್ 1972ರ ಸೆಪ್ಟೆಂಬರ್‌ನಲ್ಲಿ 'ದಿ ಗಾರ್ಡಿಯನ್' ಪತ್ರಿಕೆಗೆ ಬರೆದ ಪತ್ರ ಅಂಗವಿಕಲರದ್ದೇ ಆದ ಸಂಘಟನೆಯೊಂದರ ಹುಟ್ಟಿಗೆ ಕಾರಣವಾಯಿತು. ಅಂಗವಿಕಲರನ್ನು ಅಶಕ್ತಗೊಳಿಸುವುದು ಅವರ ದೇಹದ ಕೊರತೆಗಿಂತ ಹೆಚ್ಚಾಗಿ ಸಮಾಜದ ವ್ಯವಸ್ಥೆ ಎಂಬ ವಿಚಾರ ಅಲ್ಲಿಂದ ಬಲಗೊಂಡಿತು.

ಇದೇ ಹೊತ್ತಿಗೆ ಅಮೆರಿಕದ ಬರ್ಕ್ಲಿಯಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಪೋಲಿಯೊದಿಂದ ಕೈಕಾಲುಗಳ ಚಲನೆ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದರು. ಅವರು ಮತ್ತು ಗೆಳೆಯರ ಪ್ರಯತ್ನದಿಂದ 1972ರಲ್ಲಿ ಸ್ವತಂತ್ರ ಜೀವನ ಕೇಂದ್ರ ಆರಂಭವಾಯಿತು. ನೆರವು ನೀಡುವವರನ್ನು ಆರಿಸುವುದು, ತಮಗೆ ಬೇಕಾದಂತೆ ತರಬೇತಿ ಕೊಡುವುದು, ಸರಿಹೋಗದಿದ್ದರೆ ಬದಲಿಸುವುದು ಎಲ್ಲವೂ ಅಂಗವಿಕಲ ವ್ಯಕ್ತಿಯ ಕೈಯಲ್ಲೇ ಇರಬೇಕೆಂಬುದು ಈ ಚಳವಳಿಯ ತಿರುಳು. ಸ್ವೀಡನ್ 1994ರ ಜನವರಿಯಿಂದ ಜಾರಿಗೆ ತಂದ ಕಾನೂನಿನ ಮೂಲಕ ತೀವ್ರ ಅಂಗವೈಕಲ್ಯವುಳ್ಳವರಿಗೆ ವೈಯಕ್ತಿಕ ಸಹಾಯಕರನ್ನು ಪಡೆಯುವ ಹಕ್ಕು ನೀಡಿತು. ಇಲ್ಲೆಲ್ಲ ಬದಲಾದದ್ದು ಒಂದೇ ಸಂಗತಿ: 'ನಾಳೆಯಿಂದ ನೀವು ಬರಬೇಡಿ' ಎನ್ನುವ ಅಧಿಕಾರ ಯಾರದ್ದು ಎಂಬುದು.

ಕಾನೂನು ಏನು ಹೇಳುತ್ತದೆ?

ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆ 2006ರ ಡಿಸೆಂಬರ್ 13ರಂದು ಅಂಗೀಕಾರವಾಯಿತು. ಭಾರತ 2007ರ ಅಕ್ಟೋಬರ್ 1ರಂದು ಇದನ್ನು ಸ್ಥಿರೀಕರಿಸಿತು. ಒಡಂಬಡಿಕೆಗೆ ಅನುಗುಣವಾಗಿ ರೂಪುಗೊಂಡ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಈ ಲೇಖನದ ವಿಷಯಕ್ಕೆ ಸಂಬಂಧಿಸಿದ ಅದರ ಮುಖ್ಯ ಅಂಶಗಳು ಇಂತಿವೆ:

- ಕಲಂ 3: ಅಂಗವೈಕಲ್ಯದ ಕಾರಣವೊಂದರಿಂದಲೇ ಯಾರ ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ.
- ಕಲಂ 5: ಇಂಥದ್ದೇ ವಸತಿ ವ್ಯವಸ್ಥೆಯಲ್ಲಿ ಬದುಕಬೇಕೆಂದು ಅಂಗವಿಕಲರನ್ನು ಕಡ್ಡಾಯಗೊಳಿಸುವಂತಿಲ್ಲ.
- ಕಲಂ 7: ನಿಂದನೆ, ಹಿಂಸೆ, ಶೋಷಣೆ ನಡೆದಿದ್ದರೆ, ನಡೆಯುತ್ತಿದ್ದರೆ ಅಥವಾ ನಡೆಯುವ ಸಂಭವವಿದ್ದರೆ ಯಾವುದೇ ವ್ಯಕ್ತಿ ಅಥವಾ ನೋಂದಾಯಿತ ಸಂಸ್ಥೆ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಮಾಹಿತಿ ನೀಡಬಹುದು. ದಂಡಾಧಿಕಾರಿ ತಕ್ಷಣ ಅದನ್ನು ತಡೆಯಲು ಕ್ರಮ ಕೈಗೊಳ್ಳಬೇಕು ಅಥವಾ ರಕ್ಷಣೆಗೆ ಸೂಕ್ತ ಆದೇಶ ನೀಡಬೇಕು.
- ಕಲಂ 13: ನೆರವು ನೀಡುವವರು ಅನುಚಿತ ಪ್ರಭಾವ ಬೀರುವಂತಿಲ್ಲ, ವ್ಯಕ್ತಿಯ ಸ್ವಾಯತ್ತತೆ, ಘನತೆ, ಖಾಸಗಿತನವನ್ನು ಗೌರವಿಸಬೇಕು. ಹಣಕಾಸು ವ್ಯವಹಾರದಲ್ಲಿ ಹಿತಾಸಕ್ತಿಯ ಸಂಘರ್ಷ ಬಂದರೆ ಅದರಿಂದ ದೂರ ಸರಿಯಬೇಕು. ನೆರವಿನ ವ್ಯವಸ್ಥೆಯನ್ನು ಬದಲಿಸಿ ಬೇರೆಯವರ ನೆರವು ಪಡೆಯುವ ಹಕ್ಕು ಅಂಗವಿಕಲ ವ್ಯಕ್ತಿಗಿದೆ.
- ಕಲಂ 50: ನೋಂದಣಿ ಪ್ರಮಾಣಪತ್ರವಿಲ್ಲದೆ ಅಂಗವಿಕಲರ ಸಂಸ್ಥೆ ನಡೆಸುವಂತಿಲ್ಲ.
- ಕಲಂ 92: ಅಂಗವಿಕಲರು ತಮ್ಮ ಸುಪರ್ದಿಯಲ್ಲಿರುವಾಗ ಉದ್ದೇಶಪೂರ್ವಕವಾಗಿ ಅನ್ನ ಅಥವಾ ನೀರು ಕೊಡದಿರುವುದು, ಪ್ರಭಾವದ ಸ್ಥಾನ ಬಳಸಿ ಮಹಿಳೆ ಅಥವಾ ಮಗುವನ್ನು ಲೈಂಗಿಕವಾಗಿ ಶೋಷಿಸುವುದು, ನೆರವಿನ ಸಾಧನವನ್ನು ಹಾಳುಮಾಡುವುದು ಅಥವಾ ಅದರ ಬಳಕೆಗೆ ಅಡ್ಡಿಪಡಿಸುವುದು ಅಪರಾಧ. ಶಿಕ್ಷೆ ಆರು ತಿಂಗಳಿಂದ ಐದು ವರ್ಷಗಳವರೆಗೆ ಜೈಲು ಮತ್ತು ದಂಡ.

ಗಾಲಿಕುರ್ಚಿಯನ್ನು ಕೈಗೆಟುಕದಂತೆ ಇಡುವುದನ್ನು 'ಸಣ್ಣ ಶಿಸ್ತು ಕ್ರಮ' ಎಂದುಕೊಳ್ಳುವವರು ಈ ಕೊನೆಯ ಕಲಮನ್ನು ಒಮ್ಮೆ ಓದುವುದು ಒಳಿತು.

ಮಾನಸಿಕ ಆಸ್ಪತ್ರೆ ಮತ್ತು ಪುನರ್ವಸತಿ ಕೇಂದ್ರಗಳಿಗೆ 2018ರ ಮೇ 29ರಿಂದ ಜಾರಿಯಾದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017 ಅನ್ವಯವಾಗುತ್ತದೆ. ಅದರ ಕಲಂ 20ರ ಪ್ರಕಾರ ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಸಮವಸ್ತ್ರ ತೊಡಲು ಒತ್ತಾಯಿಸುವಂತಿಲ್ಲ, ಒತ್ತಾಯದಿಂದ ಕೆಲಸ ಮಾಡಿಸುವಂತಿಲ್ಲ. ಕಲಂ 95 ಸರಪಳಿಯಿಂದ ಕಟ್ಟುವುದನ್ನು ಪೂರ್ಣವಾಗಿ ನಿಷೇಧಿಸುತ್ತದೆ. ಕಲಂ 97ರ ಪ್ರಕಾರ ವ್ಯಕ್ತಿಯನ್ನು ಶಿಕ್ಷೆಯ ರೂಪದಲ್ಲಿ ನಿರ್ಬಂಧಿಸುವಂತಿಲ್ಲ. ಸಿಬ್ಬಂದಿ ಕೊರತೆ ಇದೆ ಎಂಬ ಕಾರಣಕ್ಕೂ ನಿರ್ಬಂಧಿಸುವಂತಿಲ್ಲ. ಏರ್ವಾಡಿಯ ದುರಂತ ನಡೆದ 16 ವರ್ಷಗಳ ನಂತರ ಈ ಮಾತು ಕಾನೂನಿನ ಪುಸ್ತಕ ಸೇರಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 64, ಅಂಗವೈಕಲ್ಯವುಳ್ಳ ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಹತ್ತು ವರ್ಷಗಳ ಕಠಿಣ ಶಿಕ್ಷೆ ವಿಧಿಸುತ್ತದೆ. ಲೈಂಗಿಕ ದೌರ್ಜನ್ಯಕ್ಕೊಳಗಾದ ಅಂಗವಿಕಲ ವ್ಯಕ್ತಿಯ ದೂರನ್ನು ಆಕೆಯ ಮನೆಯಲ್ಲಿ ಅಥವಾ ಆಕೆ ಬಯಸುವ ಸ್ಥಳದಲ್ಲಿ, ದುಭಾಷಿ ಅಥವಾ ವಿಶೇಷ ಶಿಕ್ಷಕರ ಸಮ್ಮುಖದಲ್ಲಿ ದಾಖಲಿಸಿಕೊಂಡು ವಿಡಿಯೊ ಚಿತ್ರೀಕರಣ ಮಾಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಈ ದುಭಾಷಿ ಆರೋಪಿತ ಸಂಸ್ಥೆಯವರೇ ಆಗದಂತೆ ಕುಟುಂಬದವರು ಆಗ್ರಹಿಸಬೇಕು.

ಮನೆಯೊಳಗಿನ ಆರೈಕೆ

ಅಧಿಕಾರದ ಪ್ರಶ್ನೆ ಆಶ್ರಯಧಾಮದ ಗೇಟಿಗೆ ಮುಗಿಯುವುದಿಲ್ಲ. ದಕ್ಷಿಣ ಕನ್ನಡದಲ್ಲಿ ಗೇರು ತೋಪುಗಳ ಮೇಲೆ ವರ್ಷಗಟ್ಟಲೆ ಸಿಂಪಡಿಸಿದ ಎಂಡೋಸಲ್ಫಾನ್ ನಂತರದ ದಿನಗಳಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳನ್ನು ಬಹುತೇಕ ತಾಯಂದಿರೇ ಒಂಟಿಯಾಗಿ ಸಲಹಿದರು. ಕೊಕ್ಕಡ ಮತ್ತು ಕೊಯಿಲದಲ್ಲಿ ಆರಂಭವಾದ ಹಗಲು ಪಾಲನಾ ಕೇಂದ್ರಗಳು ಆ ತಾಯಂದಿರಿಗೆ ಹಗಲಿನ ಕೆಲವು ಗಂಟೆಗಳ ಬಿಡುವನ್ನಾದರೂ ಕೊಟ್ಟವು. ಹೆಗಲ ಮೇಲೆ ಹೊತ್ತು ಬೆಳೆಸಿದ ಮಗ ಯುವಕನಾಗುವ ಹೊತ್ತಿಗೆ ತಾಯಿಗೆ ಅರವತ್ತು ದಾಟಿರುತ್ತದೆ. 'ನನ್ನ ನಂತರ ಯಾರು?' ಎಂಬ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ.

ಇಷ್ಟು ಪ್ರೀತಿಯ ಸಂಬಂಧದಲ್ಲೂ ಮಗನ ಪರವಾಗಿ ತಾಯಿಯೇ ಎಲ್ಲವನ್ನೂ ತೀರ್ಮಾನಿಸುವುದು ಅಭ್ಯಾಸವಾಗಿಬಿಡುತ್ತದೆ. ಆಕೆ ಇಲ್ಲವಾದಾಗ ತನಗೇನು ಬೇಕೆಂದು ಹೇಳಿ ಅಭ್ಯಾಸವೇ ಇಲ್ಲದ ವ್ಯಕ್ತಿ ಅಪರಿಚಿತರ ಕೈಸೇರುತ್ತಾನೆ. 'ಇದು ಬೇಕು, ಇದು ಬೇಡ' ಎಂದು ಸೂಚಿಸುವುದನ್ನು ಮನೆಯಲ್ಲೇ ಕಲಿಸುವುದು ಆದ್ದರಿಂದ ಮುಖ್ಯ. ತಟ್ಟೆಯಲ್ಲಿ ಎರಡು ತಿಂಡಿ ಇಟ್ಟು ಕಣ್ಸನ್ನೆಯಿಂದ ಆರಿಸಲು ಬಿಡುವುದೂ ಆತ್ಮರಕ್ಷಣೆಯ ಪಾಠವೇ.

1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯವುಳ್ಳ ವಯಸ್ಕರಿಗೆ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸಬಹುದು. 2016ರ ಕಾಯ್ದೆಯ ಕಲಂ 14 ಹೇಳುವ ಸೀಮಿತ ಪಾಲಕತ್ವವಾದರೋ ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ತೀರ್ಮಾನಕ್ಕೆ ಮಾತ್ರ. ಅದೂ ಅಂಗವಿಕಲ ವ್ಯಕ್ತಿಯೊಂದಿಗೆ ಜೊತೆಗೂಡಿ ಕೈಗೊಳ್ಳುವ ತೀರ್ಮಾನ.

ಗಮನಿಸಬೇಕಾದ ಗುರುತುಗಳು

- ಭೇಟಿಯ ವೇಳೆ ಸಿಬ್ಬಂದಿ ಒಂದು ಕ್ಷಣವೂ ಕೊಠಡಿ ಬಿಟ್ಟು ಕದಲದಿರುವುದು
- ಪ್ರಶ್ನೆ ನಿವಾಸಿಗೆ ಕೇಳಿದರೂ ಉತ್ತರ ಸಿಬ್ಬಂದಿಯಿಂದಲೇ ಬರುವುದು
- ನಿರ್ದಿಷ್ಟ ವ್ಯಕ್ತಿ ಹತ್ತಿರ ಬಂದಾಗ ಮೈ ಮುದುಡುವುದು, ಒಮ್ಮೆಲೇ ಮೌನವಾಗುವುದು
- ಕಾರಣ ಹೇಳಲಾಗದ ಗಾಯ, ತೂಕ ಇಳಿಕೆ, ಹಗಲಿಡೀ ತೂಕಡಿಕೆ
- ಎಲ್ಲರ ತಲೆಯೂ ಒಂದೇ ಬಗೆಯಲ್ಲಿ ಬೋಳಾಗಿರುವುದು
- ಗಾಲಿಕುರ್ಚಿ, ಊರುಗೋಲುಗಳು ಒಂದೆಡೆ ರಾಶಿ ಬಿದ್ದಿರುವುದು
- ಬ್ಯಾಂಕ್ ದಾಖಲೆ ಕೇಳಿದರೆ 'ಆಫೀಸಿನಲ್ಲಿದೆ' ಎಂಬ ಉತ್ತರ

ದೂರು ಎಲ್ಲಿ ಕೊಡಬಹುದು?

ಕಲಂ 7ರ ಅಡಿ ದೂರನ್ನು ತಾಲ್ಲೂಕು ದಂಡಾಧಿಕಾರಿಯೂ ಆಗಿರುವ ತಹಸೀಲ್ದಾರರಿಗೆ ನೀಡಬಹುದು. ಅಪರಾಧ ನಡೆದಿದ್ದರೆ ಪೊಲೀಸ್ ಠಾಣೆಗೆ ದೂರು ಕೊಡಬೇಕು. ಲಭ್ಯವಿರುವ ರಕ್ಷಣೆ ಹಾಗೂ ಉಚಿತ ಕಾನೂನು ನೆರವಿನ ಬಗ್ಗೆ ನೊಂದವರಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ಸಂಸ್ಥೆಯ ಆಡಳಿತದ ಬಗೆಗಿನ ದೂರುಗಳನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೂ, ಸಿವಿಲ್ ನ್ಯಾಯಾಲಯದ ಕೆಲವು ಅಧಿಕಾರಗಳನ್ನು ಹೊಂದಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೂ ಸಲ್ಲಿಸಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅಂಗವಿಕಲರು ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ ಸಂಖ್ಯೆ 15100. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕವೂ ವಿಷಯ ಮುಟ್ಟಿಸಬಹುದು. ಅವರೂ ಅಂಗವಿಕಲರೇ ಆಗಿರುವುದರಿಂದ ಹೇಳಿಕೊಳ್ಳುವ ಸಂಕೋಚ ಸ್ವಲ್ಪ ಕಡಿಮೆಯಾಗಬಹುದು.

ದೂರು ಕೊಟ್ಟವರನ್ನು ಅದೇ ಸಿಬ್ಬಂದಿಯ ಕೈಗೆ ಬಿಡದಂತೆ ಅಂದಿನಿಂದಲೇ ಬದಲಿ ವ್ಯವಸ್ಥೆ ಮಾಡಿಸಿಕೊಳ್ಳುವುದನ್ನು ಮರೆಯಬಾರದು. ದೂರಿನ ಪ್ರತಿಯಷ್ಟೇ ಮುಖ್ಯ, ಆ ರಾತ್ರಿಯ ಊಟ ಬಡಿಸುವವರು ಯಾರು ಎಂಬ ಪ್ರಶ್ನೆ.

ಕೊನೆಯದಾಗಿ, ಆಶ್ರಯಧಾಮಕ್ಕೆ ಭೇಟಿ ಕೊಡುವ ಅಧಿಕಾರಿಗಳು, ದಾನಿಗಳು, ಬಂಧುಗಳು ಅಡುಗೆಮನೆ, ಶೌಚಾಲಯ, ಲೆಕ್ಕದ ಪುಸ್ತಕಗಳನ್ನು ನೋಡುತ್ತಾರೆ. ನೋಡಲೇಬೇಕು. ಜೊತೆಗೆ ಸಿಬ್ಬಂದಿಯನ್ನು ಹೊರಗೆ ಕಳಿಸಿ, ನಿವಾಸಿಯ ಎದುರು ಕುಳಿತು, 'ನೀವು' ಎಂದೇ ಮಾತನಾಡಿಸಿ ಎರಡು ಪ್ರಶ್ನೆ ಕೇಳಬಹುದು: ಈಚೆಗೆ ನೀವು ಯಾವುದಕ್ಕಾದರೂ 'ಬೇಡ' ಎಂದಿದ್ದುಂಟೇ? ಆಮೇಲೆ ಏನಾಯಿತು? ಆ ಧಾಮದ ಗುಣಮಟ್ಟವೇನೆಂಬುದು ಈ ಎರಡು ಪ್ರಶ್ನೆಗಳ ಉತ್ತರದಲ್ಲಿರುತ್ತದೆ.